ಅರವತ್ತಕ್ಕೆ ಅರಳುಮರಳು ಎಂಬ ಗೆರೆ

ನಮ್ಮಜ್ಜಿ ಕೊನೆಕೊನೆಗೆ ತನ್ನ ಎಲೆಅಡಿಕೆ ಚೀಲವನ್ನು ಅಕ್ಕಿ ಡಬ್ಬದೊಳಗೆ ಬಚ್ಚಿಡೋಳು. ಆಮೇಲೆ ಯಾರೋ ಕದ್ದರು ಅಂತ ಮನೆಯೆಲ್ಲ ಗಲಾಟೆ. ಕದ್ದವರು ಯಾರು ಅಂದರೆ ನಮ್ಮಮ್ಮನ ಹೆಸರು. ಇಪ್ಪತ್ತು ವರ್ಷ ಅವಳ ಜೊತೆ ಒಂದೇ ಒಲೆ ಮುಂದೆ ಕೂತವಳು ನಮ್ಮಮ್ಮ. ಅಮ್ಮ ಹಿತ್ತಿಲಲ್ಲಿ ನಿಂತು ಅಳೋಳು, ಅಪ್ಪ ಅಜ್ಜಿಗೆ ಬೈಯೋರು. ಒಂದು ಸಲ ತಾಲ್ಲೂಕಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ನಾಡಿ ನೋಡಿ, ಬಿಪಿ ನೋಡಿ, "ವಯಸ್ಸಾಯ್ತಲ್ಲಪ್ಪ, ಇನ್ನೇನು" ಅಂತ ಶಕ್ತಿ ಬರೋ ಗುಳಿಗೆ ಬರೆದುಕೊಟ್ಟರು. ಊರಿನವರ ಮಾತೂ ಅದೇ, ಅರವತ್ತಕ್ಕೆ ಅರಳುಮರಳು. ನಾನಾಗ ಬಿಇ ಎರಡನೇ ವರ್ಷ. ರಜಕ್ಕೆ ಬಂದವನು ಅಜ್ಜಿ ನನ್ನನ್ನು ನಮ್ಮ ಚಿಕ್ಕಪ್ಪ ಅಂದುಕೊಂಡು ಮಾತಾಡಿಸಿದಾಗ ಎಲ್ಲರ ಜೊತೆ ಸೇರಿ ನಕ್ಕಿದ್ದೆ. ಆ ನಗು ಈಗಲೂ ಚುಚ್ಚುತ್ತೆ.

ಎಷ್ಟೋ ವರ್ಷ ಆದಮೇಲೆ, ಬೆಂಗಳೂರಿನ ರೂಮಲ್ಲಿ ಕೂತು ಆಲ್ಝೈಮರ್ ಕಾಯಿಲೆಯ ಇತಿಹಾಸ ಓದುವಾಗ ಒಂದು ವಿಷಯ ಗೊತ್ತಾಯ್ತು. ಆ ಡಾಕ್ಟರು ಹೇಳಿದ "ವಯಸ್ಸಾಯ್ತು" ಅನ್ನೋ ಮಾತು ನಮ್ಮ ತಾಲ್ಲೂಕಿನ ಅಜ್ಞಾನ ಆಗಿರಲಿಲ್ಲ. ಸುಮಾರು ಅರವತ್ತು ವರ್ಷಗಳ ಕಾಲ ಅದು ಯುರೋಪು, ಅಮೆರಿಕಗಳ ಪಠ್ಯಪುಸ್ತಕಗಳಲ್ಲೇ ಇದ್ದ ಮಾತು. ಯಾರೋ ಒಂದು ಗೆರೆ ಎಳೆದರು. ಗೆರೆಯ ಈ ಕಡೆ ಇದ್ದರೆ ಕಾಯಿಲೆ, ಆ ಕಡೆ ಇದ್ದರೆ ಬರೀ ಮುಪ್ಪು. ಆ ಗೆರೆ ಹೇಗೆ ಬಂತು, ಹೇಗೆ ಅಳಿಯಿತು ಅನ್ನೋದೇ ಈ ಬರಹ.

*

1901ರ ನವೆಂಬರ್ 25. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ರೈಲ್ವೆ ಕಚೇರಿಯ ಗುಮಾಸ್ತನೊಬ್ಬ ತನ್ನ ಹೆಂಡತಿಯನ್ನು ಸೇರಿಸಿದ. ಹೆಸರು ಔಗುಸ್ತೆ ಡೇಟರ್, ವಯಸ್ಸು 51. ಮೊದಲು ಗಂಡನ ಮೇಲೆ ಸುಮ್ಮಸುಮ್ಮನೆ ಅನುಮಾನ, ಆಮೇಲೆ ಮರೆವು, ಅಡುಗೆಯಲ್ಲಿ ಎಡವಟ್ಟು, ಸಾಮಾನು ಬಚ್ಚಿಡೋದು. (ಇದನ್ನು ಓದುವಾಗ ನನಗೆ ಅಕ್ಕಿ ಡಬ್ಬ ನೆನಪಾಗಿ ಎದೆ ಧಸಕ್ ಅಂತು.) ಮಾರನೇ ದಿನ ಅವಳನ್ನು ಮಾತಾಡಿಸಿದವನು 37 ವರ್ಷದ ವೈದ್ಯ ಅಲೋಯಿಸ್ ಆಲ್ಝೈಮರ್. ಪ್ರಶ್ನೆ, ಉತ್ತರ ಎರಡನ್ನೂ ಹಾಗ್ಹಾಗೇ ಬರೆದಿಟ್ಟ. ಹೆಸರೇನು? ಔಗುಸ್ತೆ. ಮನೆತನದ ಹೆಸರು? ಔಗುಸ್ತೆ. ಗಂಡನ ಹೆಸರು? ಔಗುಸ್ತೆ ಅನ್ನಿಸುತ್ತೆ. ಮಧ್ಯಾಹ್ನ ಅವಳು ಊಟಕ್ಕೆ ಹೂಕೋಸು, ಮಾಂಸ ತಿನ್ನುತ್ತಿದ್ದಾಗ ಏನು ತಿಂತಿದ್ದೀರಿ ಅಂತ ಕೇಳಿದರೆ, ಪಾಲಕ್ ಸೊಪ್ಪು ಅಂದಳು. ಹೆಸರು ಬರೆಯಲು ಹೇಳಿದರೆ ಅರ್ಧಕ್ಕೇ ಮರೆತು ನಿಲ್ಲಿಸಿಬಿಡೋಳು. ನನ್ನನ್ನೇ ನಾನು ಕಳೆದುಕೊಂಡಿದ್ದೀನಿ ಅಂತ ಅವಳು ಹೇಳಿದ್ದೂ ದಾಖಲೆಯಲ್ಲಿದೆ.

ಆಲ್ಝೈಮರ್ ಸ್ವಲ್ಪ ಕಾಲಕ್ಕೆ ಫ್ರಾಂಕ್‌ಫರ್ಟ್ ಬಿಟ್ಟ. ಅಂದಿನ ಮನೋವೈದ್ಯಶಾಸ್ತ್ರದ ದೊಡ್ಡ ಹೆಸರು ಎಮಿಲ್ ಕ್ರೇಪೆಲಿನ್ ಜೊತೆ ಕೆಲಸ ಮಾಡೋಕೆ ಮೊದಲು ಹೈಡೆಲ್‌ಬರ್ಗ್‌ಗೆ, ಆಮೇಲೆ ಮ್ಯೂನಿಕ್‌ಗೆ ಹೋದ. ಆದರೂ ಔಗುಸ್ತೆಯನ್ನು ಮರೆಯಲಿಲ್ಲ. 1906ರ ಏಪ್ರಿಲ್ 8ರಂದು ಅವಳು ತೀರಿಕೊಂಡಾಗ, ಅವಳ ಫೈಲು, ಮಿದುಳು ಎರಡನ್ನೂ ಮ್ಯೂನಿಕ್‌ಗೆ ತರಿಸಿಕೊಂಡ.

ಇಲ್ಲಿ ಒಂದು ಟೂಲ್ ಬಗ್ಗೆ ಹೇಳಬೇಕು. ಮಿದುಳಿನ ತುಣುಕನ್ನು ಸುಮ್ಮನೆ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಹೆಚ್ಚೇನೂ ಕಾಣಲ್ಲ, ಬಣ್ಣ ಹಿಡಿಸಬೇಕು. ಮ್ಯಾಕ್ಸ್ ಬೀಲ್ಶೋವ್‌ಸ್ಕಿ ಎಂಬಾತ ಕೆಲವೇ ವರ್ಷಗಳ ಹಿಂದೆ ಬೆಳ್ಳಿಯ ಲವಣ ಬಳಸಿ ನರಕೋಶದ ಎಳೆಗಳನ್ನು ಕಪ್ಪಾಗಿ ಕಾಣಿಸುವ ವಿಧಾನ ಕಂಡುಹಿಡಿದಿದ್ದ. ಆಲ್ಝೈಮರ್ ಅದನ್ನೇ ಬಳಸಿದ. ಕಂಡದ್ದು ಎರಡು. ಒಂದು, ನರಕೋಶಗಳ ಒಳಗೆ ಹುರಿಗೊಂಡು ಸಿಕ್ಕಾದ ಎಳೆಗಳು. ಕಾರ್ಟೆಕ್ಸ್‌ನ ಕೋಶಗಳಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಹೀಗಾಗಿತ್ತು. ಎರಡು, ಕೋಶಗಳ ಹೊರಗೆ ಎಲ್ಲೆಂದರಲ್ಲಿ ಕಲೆ ಕಲೆಯಾಗಿ ಕೂತ ಯಾವುದೋ ವಸ್ತು. ಇವತ್ತು ನಾವು ಸಿಕ್ಕು, ಪ್ಲಾಕ್ ಅಂತ ಕರೆಯೋದು ಇವನ್ನೇ.

1906ರ ನವೆಂಬರ್ 3ರಂದು ಟ್ಯೂಬಿಂಗೆನ್‌ನಲ್ಲಿ ನಡೆದ ಮನೋವೈದ್ಯರ ಸಭೆಯಲ್ಲಿ ಅವನು ಇದನ್ನು ಮಂಡಿಸಿದ. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ನಮ್ಮ ಆಫೀಸಲ್ಲಿ ಡೆಮೊ ಮುಗಿಸಿ "ಎನಿ ಕ್ವೆಶ್ಚನ್ಸ್" ಅಂದಾಗ ಬರುತ್ತಲ್ಲ ಆ ಮೌನ, ಅದೇ. ಮರುವರ್ಷ ಅದರ ಚಿಕ್ಕ ವರದಿ ಪ್ರಕಟವಾಯಿತು.

*

ಈಗ ಗೆರೆಯ ಕಥೆ. 1910ರಲ್ಲಿ ಕ್ರೇಪೆಲಿನ್ ತನ್ನ ಪ್ರಸಿದ್ಧ ಪಠ್ಯಪುಸ್ತಕದ ಎಂಟನೇ ಆವೃತ್ತಿಯಲ್ಲಿ ಈ ಸ್ಥಿತಿಗೆ "ಆಲ್ಝೈಮರ್ ಕಾಯಿಲೆ" ಅಂತ ಹೆಸರು ಕೊಟ್ಟ. ಇದು ಮುಪ್ಪಿನ ಮರೆವಲ್ಲ, ಮುಪ್ಪಿಗೆ ಮುಂಚೆ ಬರುವ ಬೇರೆಯೇ ಅಪರೂಪದ ಕಾಯಿಲೆ ಇರಬಹುದು ಅನ್ನೋದು ಅವನ ಅಭಿಪ್ರಾಯ. ಅದರ ಅರ್ಥ ಇನ್ನೂ ಸ್ಪಷ್ಟವಿಲ್ಲ ಅಂತಲೂ ಅಲ್ಲೇ ಬರೆದಿದ್ದ. ಆದರೆ ಪಠ್ಯಪುಸ್ತಕದ ಕಥೆ ಗೊತ್ತಲ್ಲ, "ಇರಬಹುದು" ಅನ್ನೋದು ಎರಡು ಮರುಮುದ್ರಣಕ್ಕೆ ಬಿದ್ದುಹೋಗುತ್ತೆ. ಆಮೇಲೆ ಬಂದ ವೈದ್ಯರಿಗೆ ಉಳಿದದ್ದು ಒಂದು ನಿಯಮ. ಸುಮಾರು 65ಕ್ಕಿಂತ ಮುಂಚೆ ಬಂದರೆ ಆಲ್ಝೈಮರ್ ಕಾಯಿಲೆ, ಆಮೇಲೆ ಬಂದರೆ ಮುಪ್ಪಿನ ಮರೆವು, ಅದಕ್ಕೆ ಮಾಡುವುದೇನೂ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಯಾರೋ ಕೋಡ್‌ನಲ್ಲಿ 65 ಅನ್ನೋ ಸಂಖ್ಯೆಯನ್ನು ಹಾರ್ಡ್‌ಕೋಡ್ ಮಾಡಿ ಒಂದು ಇಫ್ ಕಂಡೀಷನ್ ಬರೆದರು, ಅದು ಅರವತ್ತು ವರ್ಷ ರಿವ್ಯೂ ಇಲ್ಲದೆ ಪ್ರೊಡಕ್ಷನ್‌ನಲ್ಲಿ ಓಡಿತು.

ಹೊಟ್ಟೆ ಉರಿಯೋ ವಿಷಯ ಏನಂದರೆ, ಬಗ್ ರಿಪೋರ್ಟ್ ಮೊದಲೇ ಬಂದಿತ್ತು. 1907ರಲ್ಲೇ, ಪ್ರಾಗ್ ನಗರದಲ್ಲಿ ಓಸ್ಕರ್ ಫಿಷರ್ ಎಂಬ ವೈದ್ಯ ಮುಪ್ಪಿನಲ್ಲಿ ಬುದ್ಧಿ ಕಳೆದುಕೊಂಡು ಸತ್ತ 16 ಜನರ ಮಿದುಳು ಪರೀಕ್ಷೆ ಮಾಡಿ, 12 ಜನರಲ್ಲಿ ಇದೇ ಪ್ಲಾಕ್‌ಗಳು ಇದ್ದುದನ್ನು ಬರೆದಿದ್ದ. ಅಂದರೆ ಗೆರೆಯ ಎರಡೂ ಕಡೆ ಒಂದೇ ಕಲೆ! ಅಮೆರಿಕದಲ್ಲಿ ಸಾಲೊಮನ್ ಕಾರ್ಟರ್ ಫುಲ್ಲರ್ ಅಂತ ಒಬ್ಬರಿದ್ದರು. ಹುಟ್ಟಿದ್ದು ಆಫ್ರಿಕಾದ ಲೈಬೀರಿಯಾದಲ್ಲಿ, ಅಮೆರಿಕದ ಮೊದಲ ಕಪ್ಪು ಮನೋವೈದ್ಯ ಅಂತ ಹೆಸರಾದವರು, ಮ್ಯೂನಿಕ್‌ನಲ್ಲಿ ಆಲ್ಝೈಮರ್ ಜೊತೆಗೇ ಕೆಲಸ ಮಾಡಿ ಬಂದವರು. 1912ರಲ್ಲಿ ಅಲ್ಲಿಯತನಕ ಗೊತ್ತಿದ್ದ ಎಲ್ಲ ರೋಗಿಗಳ ವಿವರವನ್ನು ಇಂಗ್ಲಿಷಿನಲ್ಲಿ ಒಟ್ಟುಮಾಡಿ ಪ್ರಕಟಿಸಿದ್ದು ಅವರೇ. ಬುದ್ಧಿ ಚೆನ್ನಾಗಿದ್ದ ಮುದುಕರ ಮಿದುಳಲ್ಲೂ ಪ್ಲಾಕ್ ಕಾಣುತ್ತೆ, ಹಾಗಿದ್ದರೆ ಪ್ಲಾಕೇ ಕಾರಣ ಅನ್ನೋಕೆ ಹೇಗಾಗುತ್ತೆ ಅಂತ ಫುಲ್ಲರ್ ಆಗಲೇ ಅನುಮಾನ ಎತ್ತಿದ್ದರು. ಈ ಅನುಮಾನವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅಷ್ಟೇ ಏಕೆ, ಸ್ವತಃ ಆಲ್ಝೈಮರ್ 1911ರಲ್ಲಿ ಬರೆದ ದೀರ್ಘ ಲೇಖನದಲ್ಲಿ ಇದನ್ನು ಬೇರೆಯೇ ಕಾಯಿಲೆ ಅನ್ನೋಕೆ ಗಟ್ಟಿ ಕಾರಣ ಕಾಣಲ್ಲ, ಮುಪ್ಪಿನ ಮರೆವಿನದ್ದೇ ಒಂದು ವಿಚಿತ್ರ ರೂಪ ಇರಬೇಕು ಅನ್ನೋ ಅರ್ಥದಲ್ಲಿ ಬರೆದ. ತನ್ನ ಹೆಸರಿನ ಕಾಯಿಲೆಯನ್ನು ತಾನೇ ಅನುಮಾನಿಸಿದ ಪ್ರಾಮಾಣಿಕ ಮನುಷ್ಯ. ಹಾಗಿದ್ದರೆ ಕ್ರೇಪೆಲಿನ್‌ಗೆ ಅವಸರ ಯಾಕಿತ್ತು? ಪ್ರಾಗ್‌ನ ಪ್ರಯೋಗಾಲಯದ ಜೊತೆ ಪೈಪೋಟಿ ಅಂತ ಕೆಲವರು, ಹುಚ್ಚಿಗೆ ಕಾರಣ ಮಿದುಳಲ್ಲೇ ಇದೆ ಅಂತ ಫ್ರಾಯ್ಡ್ ಕಡೆಯವರಿಗೆ ತೋರಿಸೋ ಹಂಬಲ ಅಂತ ಕೆಲವರು. ಇತಿಹಾಸಕಾರರು ಇವತ್ತಿಗೂ ಜಗಳ ಆಡುತ್ತಾರೆ.

ಆಲ್ಝೈಮರ್ 1915ರಲ್ಲಿ, 51ನೇ ವಯಸ್ಸಿಗೇ ತೀರಿಕೊಂಡ. ಔಗುಸ್ತೆ ಅವನ ಆಸ್ಪತ್ರೆಗೆ ಬಂದಾಗ ಅವಳಿಗಿದ್ದಷ್ಟೇ ವಯಸ್ಸು. ಯಹೂದಿಯಾಗಿದ್ದ ಫಿಷರ್‌ನನ್ನು ನಾಜಿಗಳು ಟೆರೆಜೀನ್ ಎಂಬಲ್ಲಿ ಕೂಡಿಹಾಕಿದರು, 1942ರಲ್ಲಿ ಅಲ್ಲೇ ಸತ್ತ. ಅವನ 16 ಮುದುಕರ ಲೆಕ್ಕವನ್ನು ಜಗತ್ತು ಮರೆತುಬಿಟ್ಟಿತು. ಮರೆವಿನ ಕಾಯಿಲೆಯ ಇತಿಹಾಸದಲ್ಲೂ ಮರೆವಿನದ್ದೇ ಕಾರುಬಾರು.

*

ಗೆರೆ ಅಳಿಸೋ ಕೆಲಸ ಶುರುವಾದದ್ದು 1960ರ ದಶಕದಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ. ಮಾರ್ಟಿನ್ ರಾತ್, ಬರ್ನಾರ್ಡ್ ಟಾಮ್ಲಿನ್‌ಸನ್, ಗ್ಯಾರಿ ಬ್ಲೆಸ್ಡ್ ಎಂಬ ಮೂವರು ಮಾಡಿದ್ದು ತುಂಬ ಸರಳ ಕೆಲಸ. ಆಸ್ಪತ್ರೆಯಲ್ಲಿದ್ದ ಮುದುಕರು ಬದುಕಿರುವಾಗಲೇ ಅವರ ಮರೆವನ್ನು ಅಳೆದರು. ಹೇಗೆ? ಮನೆಯವರನ್ನೇ ಕೇಳಿ. ದುಡ್ಡಿನ ಲೆಕ್ಕ ಮಾಡ್ತಾರಾ, ಬಟ್ಟೆ ಹಾಕ್ಕೊಳ್ತಾರಾ, ತಿನ್ನೋಕೆ ಬರುತ್ತಾ, ಹೀಗೆ ಅಂಕ ಹಾಕಿದರು. ಅವರು ಸತ್ತಮೇಲೆ ಮಿದುಳಿನ ತುಣುಕಲ್ಲಿ ಪ್ಲಾಕ್‌ಗಳನ್ನು ಒಂದೊಂದಾಗಿ ಎಣಿಸಿದರು. 1968ರಲ್ಲಿ ಪ್ರಕಟವಾದ ಲೆಕ್ಕ ಇಷ್ಟು, ಪ್ಲಾಕ್ ಹೆಚ್ಚಿದಷ್ಟೂ ಒಟ್ಟಾರೆ ಮರೆವೂ ಹೆಚ್ಚು. ಅಲ್ಲಿಯವರೆಗೆ ಮುದುಕರ ಮರೆವಿಗೆ ರಕ್ತನಾಳ ಗಟ್ಟಿಯಾಗೋದೇ ಕಾರಣ ಅಂತ ನಂಬಿದ್ದರು. ಇವರು ನೋಡಿದ ಮರೆಗುಳಿ ಮುದುಕರಲ್ಲಿ ಸುಮಾರು ಅರ್ಧದಷ್ಟು ಜನರ ಮಿದುಳಲ್ಲಿ ಇದ್ದದ್ದು ಔಗುಸ್ತೆಯ ಮಿದುಳಿನ ಬದಲಾವಣೆಗಳೇ.

1976ರಲ್ಲಿ ನ್ಯೂಯಾರ್ಕಿನ ನರವೈದ್ಯ ರಾಬರ್ಟ್ ಕಾಟ್ಜ್‌ಮನ್ ಒಂದು ಪುಟ್ಟ ಸಂಪಾದಕೀಯ ಬರೆದರು. ಹೊಸ ಪ್ರಯೋಗ ಇಲ್ಲ, ಹೊಸ ಟೂಲ್ ಇಲ್ಲ. ಲಕ್ಷಣ ಒಂದೇ, ಮಿದುಳಿನ ಬದಲಾವಣೆ ಒಂದೇ, ಹಾಗಿದ್ದ ಮೇಲೆ ಹೆಸರು ಯಾಕೆ ಎರಡು ಅಂತ ಕೇಳಿದರು ಅಷ್ಟೇ. ಗೆರೆ ತೆಗೆದು ಲೆಕ್ಕ ಹಾಕಿದರೆ, ಅಪರೂಪದ್ದು ಅಂದುಕೊಂಡಿದ್ದ ಈ ಕಾಯಿಲೆ ಅಮೆರಿಕದಲ್ಲಿ ಸಾವಿನ ನಾಲ್ಕನೇ ಅಥವಾ ಐದನೇ ದೊಡ್ಡ ಕಾರಣ ಆಗುತ್ತೆ ಅಂತ ತೋರಿಸಿದರು.

ಒಂದು ಕಂಡೀಷನ್ ಡಿಲೀಟ್ ಮಾಡಿದ್ದಕ್ಕೆ ಎಷ್ಟು ವ್ಯತ್ಯಾಸ ಆಯ್ತು ನೋಡಿ. ಮುಪ್ಪಿಗೆ ಸರ್ಕಾರ ಸಂಶೋಧನೆಯ ದುಡ್ಡು ಕೊಡಲ್ಲ, ಕಾಯಿಲೆಗೆ ಕೊಡುತ್ತೆ. ಮುಪ್ಪಿಗೆ ರೋಗಿಗಳ ಸಂಘ ಇರಲ್ಲ, ಕಾಯಿಲೆಗೆ ಇರುತ್ತೆ. 1980ರ ಹೊತ್ತಿಗೆ ಅಮೆರಿಕದಲ್ಲಿ ರೋಗಿಗಳ ಮನೆಯವರು ಸೇರಿ ರಾಷ್ಟ್ರಮಟ್ಟದ ಸಂಘ ಕಟ್ಟಿದರು. ಪ್ರಯೋಗಾಲಯಗಳಿಗೂ ದುಡ್ಡು ಬಂತು.

*

ಮುಂದಿನ ಹದಿನೈದು ವರ್ಷ ಓಡಿದ್ದು ವೇಗದಲ್ಲಿ. 1984ರಲ್ಲಿ ಕ್ಯಾಲಿಫೋರ್ನಿಯಾದ ಜಾರ್ಜ್ ಗ್ಲೆನ್ನರ್ ಮತ್ತು ಕೇನ್ ವಾಂಗ್ ರೋಗಿಗಳ ಮಿದುಳಿನ ರಕ್ತನಾಳಗಳಲ್ಲಿ ಕೂತಿದ್ದ ವಸ್ತುವನ್ನು ಬೇರ್ಪಡಿಸಿದರು. ಅದು ಬೀಟಾ ಅಮಿಲಾಯ್ಡ್ ಅನ್ನೋ ಪ್ರೋಟೀನ್ ತುಣುಕು. ಪ್ಲಾಕ್‌ನಲ್ಲಿ ಇರೋದೂ ಅದೇ ಅಂತ ಆಮೇಲೆ ಖಾತ್ರಿಯಾಯಿತು. ನರಕೋಶದ ಪೊರೆಯಲ್ಲಿ ಒಂದು ಉದ್ದನೆಯ ಪ್ರೋಟೀನ್ ಇರುತ್ತೆ, ಕಿಣ್ವಗಳು ಕತ್ತರಿಯ ಹಾಗೆ ಅದನ್ನು ಕತ್ತರಿಸುತ್ತವೆ. ಕೆಲವು ತುಣುಕುಗಳು ಅಂಟಂಟಾಗಿ ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ತೋಟದ ಕಾಲುವೆಯಲ್ಲಿ ಹೂಳು ಕೂರುವ ಹಾಗೆ ಕೂತು ಪ್ಲಾಕ್ ಆಗುತ್ತವೆ.

ಕೋಶದ ಒಳಗಿನ ಸಿಕ್ಕು ಟಾವ್ ಎಂಬ ಇನ್ನೊಂದು ಪ್ರೋಟೀನ್ ಅಂತ 1986ರ ಹೊತ್ತಿಗೆ ಗೊತ್ತಾಯಿತು. ನಮ್ಮೂರ ಚಪ್ಪರ ನೆನಪಿಸಿಕೊಳ್ಳಿ. ಕೋಶದ ಒಳಗಿನ ಸೂಕ್ಷ್ಮ ನಳಿಕೆಗಳು ಬಿದಿರಿನ ಗಳುಗಳಾದರೆ, ಟಾವ್ ಅವನ್ನು ಬಿಗಿದಿಡೋ ಹಗ್ಗ. ಹಗ್ಗ ಕಳಚಿಕೊಂಡು ತನ್ನಲ್ಲೇ ಸಿಕ್ಕಾದರೆ ಗಳುಗಳೂ ನಿಲ್ಲಲ್ಲ. 1991ರಲ್ಲಿ ಹೈಕೋ ಮತ್ತು ಎವಾ ಬ್ರಾಕ್ ಎಂಬ ಗಂಡಹೆಂಡತಿ ಈ ಸಿಕ್ಕು ಮಿದುಳಿನಲ್ಲಿ ಹರಡುವ ದಾರಿಯನ್ನೇ ಆರು ಹಂತಗಳಲ್ಲಿ ನಕ್ಷೆ ಮಾಡಿದರು. ಮೊದಲು ಹೊಸ ನೆನಪುಗಳು ಒಳಹೋಗುವ ಬಾಗಿಲಿನಂಥ ಜಾಗ, ಆಮೇಲೆ ಪಕ್ಕದ ಹಿಪೊಕ್ಯಾಂಪಸ್, ಕೊನೆಗೆ ಕಾರ್ಟೆಕ್ಸ್ ತುಂಬಾ. ಅಜ್ಜಿಗೆ ಬೆಳಗಿನ ತಿಂಡಿ ನೆನಪಿಲ್ಲದೆ ಐವತ್ತು ವರ್ಷದ ಹಿಂದಿನ ಮದುವೆ ಚಪ್ಪರ ನೆನಪಿರುತ್ತಿತ್ತಲ್ಲ, ಅದಕ್ಕೆ ಒಂದು ಕಾರಣ ಇಲ್ಲಿದೆ. ಹಾಳಾಗೋದು ಮೊದಲು ಬಾಗಿಲು, ಉಗ್ರಾಣ ಆಮೇಲೆ. ಅಂದಹಾಗೆ ಬ್ರಾಕ್ ದಂಪತಿ ಕೆಲಸ ಮಾಡಿದ್ದೂ ಔಗುಸ್ತೆಯ ಊರು ಫ್ರಾಂಕ್‌ಫರ್ಟ್‌ನಲ್ಲೇ.

ಅದೇ 1991ರಲ್ಲಿ ಲಂಡನ್ನಿನ ಜಾನ್ ಹಾರ್ಡಿ, ಆಲಿಸನ್ ಗೋಟ್ ತಂಡ ಒಂದು ಕುಟುಂಬದಲ್ಲಿ ತಲೆಮಾರಿನಿಂದ ತಲೆಮಾರಿಗೆ ಐವತ್ತರ ಆಸುಪಾಸಿನಲ್ಲೇ ಬರುತ್ತಿದ್ದ ಆಲ್ಝೈಮರ್‌ಗೆ ಕಾರಣವಾದ ಜೀನ್ ದೋಷ ಹಿಡಿದರು. ದೋಷ ಇದ್ದದ್ದು ಅಮಿಲಾಯ್ಡ್ ಹುಟ್ಟುವ ಆ ಉದ್ದನೆಯ ಪ್ರೋಟೀನಿನ ಜೀನ್‌ನಲ್ಲೇ! ಮರುವರ್ಷ ಹಾರ್ಡಿ ಮತ್ತು ಹಿಗಿನ್ಸ್ ಒಂದು ಸಿದ್ಧಾಂತ ಮುಂದಿಟ್ಟರು. ಮೊದಲು ಅಮಿಲಾಯ್ಡ್ ಸೇರುತ್ತೆ, ಅದರಿಂದ ಸಿಕ್ಕು, ಅದರಿಂದ ಕೋಶಗಳ ಸಾವು, ಅದರಿಂದ ಮರೆವು. ಹಾಗಿದ್ದರೆ ಹೂಳೆತ್ತಿದರೆ ಸಾಕಲ್ಲ ಅಂತ ಔಷಧಿ ಕಂಪನಿಗಳು ಇಳಿದವು.

ಇಳಿದವರು ಮುಳುಗಿದರು. ಬ್ಯಾಪಿನ್ಯೂಜುಮ್ಯಾಬ್ 2012ರಲ್ಲಿ ಸೋತಿತು, ಸೊಲನೆಜುಮ್ಯಾಬ್ 2016ರಲ್ಲಿ. ಅಡುಕಾನುಮ್ಯಾಬ್‌ಗೆ 2021ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಾಗ ದೊಡ್ಡ ವಿವಾದವೇ ಆಯ್ತು, 2024ರಲ್ಲಿ ಕಂಪನಿಯೇ ಅದನ್ನು ಕೈಬಿಟ್ಟಿತು. 2023ರಲ್ಲಿ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್ ಮಾತ್ರ ಕಾಯಿಲೆಯ ಶುರುವಿನಲ್ಲಿದ್ದವರ ಮೇಲಿನ 18 ತಿಂಗಳ ಪರೀಕ್ಷೆಯಲ್ಲಿ ಇಳಿತದ ವೇಗವನ್ನು ಶೇ. 27ರಷ್ಟು ತಗ್ಗಿಸಿತು. ಕಳೆದುಹೋದ ನೆನಪು ವಾಪಸ್ ಬರಲ್ಲ, ಕೆಲವರಿಗೆ ಮಿದುಳಲ್ಲಿ ಊತ, ರಕ್ತಸ್ರಾವದ ಅಪಾಯವೂ ಇದೆ. ಮೂವತ್ತು ವರ್ಷದ ಓಟಕ್ಕೆ ಸಿಕ್ಕಿದ್ದು ಇಷ್ಟು. ಈ ನಡುವೆ 2006ರಲ್ಲಿ ಬಂದು ಸಾವಿರಾರು ಸಲ ಉಲ್ಲೇಖವಾಗಿದ್ದ ಒಂದು ಅಮಿಲಾಯ್ಡ್ ಸಂಶೋಧನೆಯ ಚಿತ್ರಗಳನ್ನು ತಿದ್ದಲಾಗಿದೆ ಅಂತ ಆರೋಪ ಬಂದು, 2024ರಲ್ಲಿ ಆ ಲೇಖನವನ್ನೇ ಹಿಂದಕ್ಕೆ ಪಡೆದರು.

*

ಈಗ ಫುಲ್ಲರ್ ಅವರ ಅನುಮಾನಕ್ಕೆ ಬರೋಣ. 2004ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವಿಜ್ಞಾನಿಗಳು ಬದುಕಿರುವವರ ಮಿದುಳಲ್ಲೇ ಅಮಿಲಾಯ್ಡ್ ತೋರಿಸುವ ಸ್ಕ್ಯಾನ್ ಪ್ರಕಟಿಸಿದರು. ಅಲ್ಲಿಯವರೆಗೆ ನಿಜವಾದ ಪುರಾವೆ ಸಿಗಬೇಕಾದರೆ ರೋಗಿ ಸಾಯಬೇಕಿತ್ತು. ಸ್ಕ್ಯಾನ್ ಎರಡು ವಿಷಯ ತೋರಿಸಿತು. ಒಂದು, ಹೂಳು ತುಂಬೋಕೆ ಶುರುವಾಗೋದು ಮರೆವು ಕಾಣೋದಕ್ಕೆ ಹದಿನೈದು ಇಪ್ಪತ್ತು ವರ್ಷ ಮುಂಚೆ. ಅಂದರೆ ಎಪ್ಪತ್ತರ ಮರೆವಿನ ಲೆಕ್ಕ ಐವತ್ತರಲ್ಲೇ ಶುರು. ಎರಡು, ಮರೆವೇ ಇಲ್ಲದ ಎಷ್ಟೋ ಮುದುಕರ ಮಿದುಳಲ್ಲೂ ಅಮಿಲಾಯ್ಡ್ ಇದೆ. ಫುಲ್ಲರ್ ನೂರು ವರ್ಷದ ಹಿಂದೆ ಹೇಳಿದ್ದೇ ಇದು.

ಹಾಗಾದರೆ ಕಾಟ್ಜ್‌ಮನ್ ತಪ್ಪಾ? ಅಲ್ಲ. 65ರ ಗೆರೆ ಸುಳ್ಳಾಗಿತ್ತು, ಅಳಿಸಿದ್ದು ಸರಿ. ಆದರೆ ಗೆರೆ ಅಳಿಸಿದ ಉತ್ಸಾಹದಲ್ಲಿ ಎಲ್ಲಕ್ಕೂ ಒಂದೇ ಕಾರಣ ಹುಡುಕೋಕೆ ಹೋದದ್ದು ಅವಸರ ಆಯ್ತು. ಎಂಬತ್ತರ ಮಿದುಳಲ್ಲಿ ಅಮಿಲಾಯ್ಡ್ ಜೊತೆಗೆ ಸಿಕ್ಕು, ರಕ್ತನಾಳದ ಹಾನಿ, ಉರಿಯೂತ ಎಲ್ಲ ಸೇರಿಕೊಂಡಿರುತ್ತೆ. ವಯಸ್ಸೇ ಕಾಯಿಲೆ ಅಲ್ಲ, ಆದರೆ ಎಲ್ಲಕ್ಕಿಂತ ದೊಡ್ಡ ಅಪಾಯ ವಯಸ್ಸೇ. ಇವೆರಡನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳೋಕೆ ವಿಜ್ಞಾನಕ್ಕೆ ನೂರು ವರ್ಷ ಬೇಕಾಯ್ತು.

ನಮ್ಮ ದೇಶದಲ್ಲಿ ಈ ಕಾಯಿಲೆ ಕಡಿಮೆ ಅನ್ನೋ ಮಾತು ಬಹಳ ದಿನ ಇತ್ತು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನದಲ್ಲೂ ಅಮೆರಿಕಕ್ಕಿಂತ ಬಹಳ ಕಡಿಮೆ ಸಂಖ್ಯೆ ಬಂತು. ಅಲ್ಲಿನ ಸಂಶೋಧಕರು ಓದುಬರಹ ಬಾರದವರಿಗಾಗಿ ಪ್ರಶ್ನೆಗಳನ್ನೇ ಹೊಸದಾಗಿ ಬರೆಯಬೇಕಾಯ್ತು. ಸರಿ ತಾನೆ? ಬರೆಯೋಕೇ ಬಾರದ ನಮ್ಮಜ್ಜಿಗೆ ಒಂದು ವಾಕ್ಯ ಬರಿ ಅಂದರೆ ಅದು ಮರೆವಿನ ಪರೀಕ್ಷೆ ಹೇಗಾಗುತ್ತೆ? 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜು ಬೇರೆಯೇ ಹೇಳುತ್ತೆ. ಅರವತ್ತು ದಾಟಿದವರಲ್ಲಿ ಶೇ. 7.4, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಆ 88 ಲಕ್ಷದಲ್ಲಿ ಎಷ್ಟು ಮನೆಗಳಲ್ಲಿ ಇವತ್ತು ಅಕ್ಕಿ ಡಬ್ಬದ ಜಗಳ ನಡೀತಿದೆಯೋ.

ಸಮಾಧಾನದ ವಿಷಯ, ನಮ್ಮ ಪಕ್ಕದಲ್ಲೇ ಕೆಲಸ ನಡೀತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ, ಸತ್ತಮೇಲೆ ಕಣ್ಣು ಕೊಡುವ ಹಾಗೆ ಮಿದುಳನ್ನೂ ಸಂಶೋಧನೆಗೆ ಕೊಡಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಸಾವಿರಾರು ಜನರನ್ನು ವರ್ಷವರ್ಷ ಹಿಂಬಾಲಿಸುತ್ತಿದೆ. ರಕ್ತಪರೀಕ್ಷೆ, ಎಂಆರ್‌ಐ, ನೆನಪಿನ ಪರೀಕ್ಷೆ ಎಲ್ಲ. ಮಾವಿನಹಣ್ಣಿಗೆ ಹೆಸರಾದ ಆ ತಾಲ್ಲೂಕಿನ ರೈತರ ಮಿದುಳು ಹೇಗೆ ವಯಸ್ಸಾಗುತ್ತೆ ಅಂತ ಮೊದಲ ಸಲ ಯಾರೋ ಕುಳಿತು ನೋಡುತ್ತಿದ್ದಾರೆ. ಇನ್ನು ತಡೆಯುವ ಬಗ್ಗೆ ಹೇಳೋದಾದರೆ, 2024ರ ಲ್ಯಾನ್ಸೆಟ್ ಆಯೋಗದ ಪ್ರಕಾರ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು ಶೇ. 45ರಷ್ಟು 14 ಕಾರಣಗಳಿಗೆ ಸೇರಿದ್ದು, ಅವುಗಳನ್ನು ಬದಲಾಯಿಸೋಕೆ ಸಾಧ್ಯ. ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಕಿವಿ ಮಂದ, ಕಣ್ಣು ಮಂದ, ಒಂಟಿತನ, ಚಿಕ್ಕಂದಿನಲ್ಲಿ ಸಿಗದ ಶಾಲೆ ಎಲ್ಲ ಆ ಪಟ್ಟಿಯಲ್ಲಿವೆ. ಊರಿಗೆ ಫೋನ್ ಮಾಡಿದಾಗ "ಏನ್ ಕೇಳಿಸ್ತಿಲ್ಲ ಕಣೋ" ಅನ್ನೋ ಅಪ್ಪನಿಗೆ ಕಿವಿ ಪರೀಕ್ಷೆ ಮಾಡಿಸೋದು ಚಿಕ್ಕ ಕೆಲಸ ಅಲ್ಲ.

*

ಔಗುಸ್ತೆಯ ಫೈಲು ಬಹಳ ವರ್ಷ ಕಳೆದೇಹೋಗಿತ್ತು. 1995ರಲ್ಲಿ ಫ್ರಾಂಕ್‌ಫರ್ಟ್‌ನ ಮನೋವೈದ್ಯ ಕೊನ್ರಾಡ್ ಮೌರರ್ ಮತ್ತು ಸಂಗಡಿಗರಿಗೆ ಆಸ್ಪತ್ರೆಯ ದಾಖಲೆಗಳ ಕೋಣೆಯಲ್ಲಿ ನೀಲಿ ರಟ್ಟಿನ ಆ ಫೈಲು ಸಿಕ್ಕಿತು. ಒಳಗೆ ಆಲ್ಝೈಮರ್ ಕೈಬರಹ, ಔಗುಸ್ತೆಯ ಫೋಟೊ, ಅವಳು ಅರ್ಧಕ್ಕೇ ನಿಲ್ಲಿಸಿದ ಹೆಸರು. ಆ ಫೋಟೊ ನೀವೂ ಹುಡುಕಿ ನೋಡಿ. ಬಿಳಿ ಬಟ್ಟೆ, ಕೆದರಿದ ಉದ್ದ ಕೂದಲು, ಮಡಿಸಿದ ಮೊಣಕಾಲ ಮೇಲೆ ಕೈ. 51 ವರ್ಷದವಳು ಎಪ್ಪತ್ತರವಳ ಹಾಗೆ ಕಾಣುತ್ತಾಳೆ.

ಅವತ್ತು ಸರಿಯಾದ ಹೆಸರು ಸಿಕ್ಕಿದ್ದರೂ ನಮ್ಮಜ್ಜಿಗೆ ನೆನಪು ವಾಪಸ್ ಬರುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೆ "ಇದು ಕಾಯಿಲೆ, ಕದ್ದೆ ಅಂತ ಹೇಳ್ತಿರೋದು ಕಾಯಿಲೆ, ಅತ್ತೆ ಅಲ್ಲ" ಅಂತ ಯಾರಾದರೂ ಅಮ್ಮನಿಗೆ ಹೇಳಿದ್ದರೆ ಅವಳು ಹಿತ್ತಿಲಲ್ಲಿ ಅಳೋದು ತಪ್ಪುತ್ತಿತ್ತು. ಅಪ್ಪ ಬೈಯ್ಯೋದು ತಪ್ಪುತ್ತಿತ್ತು. ನಾನು ನಗೋದೂ. ಹೋದ ಯುಗಾದಿಗೆ ಊರಿಗೆ ಹೋದಾಗ ಔಗುಸ್ತೆಯ ಕಥೆಯನ್ನೆಲ್ಲ ಅಮ್ಮನಿಗೆ ಹೇಳಿದೆ. ಸಾಮಾನು ಬಚ್ಚಿಡೋದು, ಗಂಡನ ಮೇಲೆ ಅನುಮಾನ, ಎಲ್ಲ. ಅಮ್ಮ ಹೋಳಿಗೆ ಲಟ್ಟಿಸೋದು ನಿಲ್ಲಿಸಿ ಕೇಳಿಸಿಕೊಂಡಳು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ.

"ಹಂಗಾರೆ ಅತ್ತೆಗೆ ನನ್ನ ಮೇಲೆ ಸಿಟ್ಟು ಇರ್ಲಿಲ್ಲ ಅಂತೀಯ?"

ಇರಲಿಲ್ಲ ಅಮ್ಮ, ಅಂದೆ.